ಮನೆಯಲ್ಲಿ ಮೂರು ಭಾಷೆ, ಮಗುವಿನ ಬಾಯಲ್ಲಿ ಏಳು ಪದ

ಓದುಗರ ಪತ್ರ (ಸಂಕ್ಷಿಪ್ತವಾಗಿ):

"ನನ್ನ ಮಗಳ ಮಗನಿಗೆ ಈಗ 22 ತಿಂಗಳು. ಬೆಂಗಳೂರಿನಲ್ಲಿದ್ದಾರೆ. ಮಗಳು ಅವನ ಹತ್ತಿರ ತುಳು ಮಾತಾಡುತ್ತಾಳೆ. ಅಳಿಯ ತುಮಕೂರು ಕಡೆಯವರು, ಅವರದು ಕನ್ನಡ. ಡೇ ಕೇರ್‌ನಲ್ಲಿ ಇಂಗ್ಲಿಷ್. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ, ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾನೆ. ಆದರೆ ಆಡುವ ಮಾತು ಎಣಿಸಿದರೆ ಆರೇಳು. ಇಷ್ಟು ಭಾಷೆಯಿಂದ ಗೊಂದಲವಾಗಿದೆ, ತುಳು ನಿಲ್ಲಿಸಿ ಎಂದು ಡೇ ಕೇರ್‌ನವರು ಹೇಳಿದ್ದಾರೆ. ಬೀಗಿತ್ತಿ ಬಜೆ ತೇಯ್ದು ನಾಲಿಗೆಗೆ ಸವರಿ ಎನ್ನುತ್ತಾರೆ. ಅವನ ಅಪ್ಪನಿಗೂ ಮಾತು ಬಂದದ್ದು ಮೂರು ವರ್ಷಕ್ಕೇ, ಸುಮ್ಮನಿರಿ ಎಂದೂ ಅವರೇ ಹೇಳುತ್ತಾರೆ. ಯಾವುದನ್ನು ನಂಬಲಿ? ಮಕ್ಕಳಿಗೆ ಮಾತು ಬರುವುದಾದರೂ ಹೇಗೆ?"
— ಪುತ್ತೂರಿನ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಅಮ್ಮಾ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ತುಳು ನಿಲ್ಲಿಸಬೇಡಿ. ಬಜೆ ಬೇಡ. ಮೂರು ವರ್ಷ ತುಂಬಲಿ ಎಂದು ಕಾಯುವುದೂ ಬೇಡ. ಈ ತಿಂಗಳೇ ಮಗುವಿನ ಕಿವಿ ಪರೀಕ್ಷೆ ಮಾಡಿಸಿ. ಯಾಕೆ ಎಂಬುದನ್ನು ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮಗು ಮೊದಲ ಪದ ಆಡಿದ ದಿನವನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ. ಕಲಿಕೆ ಮಾತ್ರ ಅದಕ್ಕೂ ಒಂದು ವರ್ಷಕ್ಕಿಂತ ಹಿಂದೆಯೇ ಶುರುವಾಗಿರುತ್ತದೆ. ಗರ್ಭದ ಆರೇಳನೇ ತಿಂಗಳ ಹೊತ್ತಿಗೆ ಶಿಶುವಿಗೆ ಶಬ್ದ ಕೇಳಿಸತೊಡಗುತ್ತದೆ. ಹೊಟ್ಟೆಯೊಳಕ್ಕೆ ಹೋಗುವಾಗ ಅಕ್ಷರಗಳು ಮಸುಕಾಗುತ್ತವೆ, ರಾಗ ಮತ್ತು ಲಯ ಉಳಿಯುತ್ತವೆ. ಹುಟ್ಟಿ ಮೂರು ದಿನವೂ ತುಂಬದ ಕೂಸುಗಳಿಗೆ ತಾಯಿಯ ದನಿ ಗೊತ್ತಿರುತ್ತದೆ ಎಂದು ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ತೋರಿಸಿದರು. ಕೂಸಿನ ಬಾಯಿಗೆ ಒಂದು ನಿಪ್ಪಲ್ ಕೊಟ್ಟರು. ಚೀಪುವ ಗತಿ ಬದಲಾದಂತೆ ಕಿವಿಗೆ ತಾಯಿಯ ದನಿಯೋ ಬೇರೆ ಹೆಂಗಸಿನ ದನಿಯೋ ಬೀಳುವಂತೆ ಏರ್ಪಾಟು. ತಾಯಿಯ ದನಿ ಬರುವ ಗತಿಯಲ್ಲೇ ಕೂಸುಗಳು ಹೆಚ್ಚು ಚೀಪಿದವು.

ನಿಮ್ಮ ಮನೆಗೆ ಇನ್ನೂ ಹತ್ತಿರದ ಪ್ರಯೋಗವೊಂದು ಕೆನಡಾದ ವ್ಯಾಂಕೂವರ್‌ನಲ್ಲಿ ನಡೆಯಿತು. ಬಸುರಿಯಾಗಿದ್ದಾಗ ಇಂಗ್ಲಿಷ್ ಮತ್ತು ಫಿಲಿಪೀನ್ಸ್‌ನ ತಗಾಲೊಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ನವಜಾತ ಶಿಶುಗಳನ್ನು ಪರೀಕ್ಷಿಸಿದರು. ಆ ಕೂಸುಗಳು ಎರಡೂ ಭಾಷೆಗಳಿಗೆ ಒಂದೇ ಸಮ ಆಸಕ್ತಿ ತೋರಿದವು. ಎರಡೂ ಬೇರೆ ಬೇರೆ ಎಂಬುದೂ ಅವಕ್ಕೆ ತಿಳಿಯುತ್ತಿತ್ತು. 2010ರಲ್ಲಿ ಪ್ರಕಟವಾದ ಕೆಲಸ ಇದು. ಹುಟ್ಟುವಾಗಲೇ ಎರಡು ಭಾಷೆಗಳನ್ನು ಬೇರ್ಪಡಿಸಬಲ್ಲ ಮಗುವಿಗೆ 22 ತಿಂಗಳಲ್ಲಿ ತುಳು, ಕನ್ನಡ ಕಲಸಿಹೋಗಿ ಬಾಯಿ ಕಟ್ಟಿತು ಎಂದರೆ ನಂಬುವುದು ಹೇಗೆ?

ಇನ್ನು ಅಕ್ಷರಗಳ ಮಾತು. ನಮ್ಮ ಊಟದ ತಟ್ಟೆಯನ್ನೇ ತೆಗೆದುಕೊಳ್ಳಿ. ಅದರ ಹೆಸರಿನ ಮೊದಲ ಅಕ್ಷರಕ್ಕೆ ನಾಲಿಗೆ ಹಲ್ಲಿಗೆ ತಾಗುತ್ತದೆ, ಎರಡನೆಯದಕ್ಕೆ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ನಮಗೆ ಇವೆರಡು ಹಗಲು ರಾತ್ರಿಯಷ್ಟು ಬೇರೆ. ಇಂಗ್ಲಿಷ್ ಒಂದನ್ನೇ ಕೇಳಿ ಬೆಳೆದವರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇದೇ ತ–ಟ ಜೋಡಿಯನ್ನು ಹಿಂದಿಯಿಂದ ಎತ್ತಿಕೊಂಡು ಕೂಸುಗಳಿಗೆ ಕೇಳಿಸಿದರು. ಮಗು ತಾಯಿಯ ತೊಡೆಯ ಮೇಲೆ ಕೂತಿರುತ್ತದೆ. ಒಂದೇ ಸದ್ದು ಮತ್ತೆ ಮತ್ತೆ ಬರುತ್ತಿರುತ್ತದೆ. ಸದ್ದು ಬದಲಾದಾಗ ಮಗು ಆ ಕಡೆ ತಿರುಗಿದರೆ ಪೆಟ್ಟಿಗೆಯೊಳಗೆ ದೀಪ ಹತ್ತಿ ಒಂದು ಆಟಿಕೆ ಕುಣಿಯುತ್ತದೆ. ತಾಯಿ ತಿಳಿಯದೆಯೂ ಸೂಚನೆ ಕೊಡಬಾರದೆಂದು ಆಕೆಯ ಕಿವಿಗೆ ಹೆಡ್‌ಫೋನ್‌ನಲ್ಲಿ ಸಂಗೀತ. ಇಂಗ್ಲಿಷ್ ಮನೆಯ ಆರರಿಂದ ಎಂಟು ತಿಂಗಳ ಹೆಚ್ಚಿನ ಕೂಸುಗಳು ತ, ಟ ಬದಲಾದ ಕೂಡಲೇ ತಿರುಗಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಬಹುಪಾಲು ಮಕ್ಕಳಿಗೆ ಆ ವ್ಯತ್ಯಾಸ ಸಿಗುತ್ತಿರಲಿಲ್ಲ. ಹಿಂದಿ ಮನೆಯ ಮಕ್ಕಳಿಗೆ ಅದು ಹಾಗೇ ಉಳಿದಿತ್ತು.

ಎಲ್ಲ ಭಾಷೆಗಳಿಗೂ ತೆರೆದಿದ್ದ ಕಿವಿ ಒಂದು ವರ್ಷದೊಳಗೆ ಮನೆಯ ಭಾಷೆಗೆ ಹದಗೊಳ್ಳುತ್ತದೆ ಎಂದಾಯಿತು. ನಿಮ್ಮ ಮೊಮ್ಮಗ ಇನ್ನೂ ಒಂದು ಪದವೂ ಆಡದಿದ್ದ ದಿನಗಳಲ್ಲೇ ಈ ಕೆಲಸ ಮುಗಿಸಿಕೊಂಡಿದ್ದಾನೆ, ಅದೂ ನಿಮ್ಮ ಮಗಳ ತುಳುವಿಗೆ, ಅಳಿಯನ ಕನ್ನಡಕ್ಕೆ. ಈಗ ಅವನಿಂದ ತುಳು ಕಿತ್ತುಕೊಂಡರೆ, ಅವನು ಗಟ್ಟಿಮಾಡಿಕೊಂಡ ನೆಲವನ್ನೇ ಕಿತ್ತುಕೊಂಡ ಹಾಗೆ.

ಮುಂದಿನ ಕೆಲಸ ನನಗೆ ಇವತ್ತಿಗೂ ಬೆರಗು ಹುಟ್ಟಿಸುವಂಥದ್ದು. ನಾವು ಬರೆಯುವಾಗ ಪದಗಳ ನಡುವೆ ಜಾಗ ಬಿಡುತ್ತೇವೆ, ಮಾತಾಡುವಾಗ ಬಿಡುವುದಿಲ್ಲ. ಮಗುವಿಗೆ ಕೇಳುವುದು 'ಹಾಲ್ಕುಡಿಯೋಣ್ಬಾ' ಎಂಬ ಒಂದೇ ಧಾರೆ. ಅದರಲ್ಲಿ 'ಹಾಲು' ಎಲ್ಲಿ ಮುಗಿಯಿತು? ಸಂಜೆ 'ಹಾಲಿಗೆ ಸಕ್ಕರೆ ಹಾಕ್ಲಾ' ಎನ್ನುತ್ತೀರಿ, ರಾತ್ರಿ 'ಹಾಲೆಲ್ಲ ಚೆಲ್ಲಿಬಿಟ್ಯಲ್ಲೋ' ಎನ್ನುತ್ತೀರಿ. ಯಾವ ಉಲಿಗಳು ಯಾವಾಗಲೂ ಜೊತೆಜೊತೆಗೇ ಬರುತ್ತವೆ, ಯಾವುವು ಬೇರೆಯಾಗುತ್ತವೆ ಎಂಬ ಲೆಕ್ಕವನ್ನು ಮಗುವೇ ಇಡುತ್ತದೆ. ಜೆನ್ನಿ ಸ್ಯಾಫ್ರನ್ ಮತ್ತು ಸಂಗಡಿಗರು 1996ರಲ್ಲಿ ಎಂಟು ತಿಂಗಳ ಕೂಸುಗಳಿಗೆ ಅರ್ಥವೇ ಇಲ್ಲದ, ಎಲ್ಲೂ ನಿಲ್ಲಿಸದೆ ಹರಿಯುವ ಉಲಿಗಳನ್ನು ಕೇಳಿಸಿದರು. ಎರಡೇ ನಿಮಿಷ ಸಾಕಾಯಿತು. ಯಾವ ಮೂರು ಉಲಿ ಸೇರಿ ಒಂದು 'ಪದ' ಎಂಬುದನ್ನು ಕೂಸುಗಳು ಹಿಡಿದಿದ್ದವು.

ಹಾಗಾದರೆ ಟಿ.ವಿ., ಮೊಬೈಲ್ ಹಾಕಿಟ್ಟರೂ ಮಗು ಲೆಕ್ಕ ಹಾಕಿ ಕಲಿತುಬಿಡಬೇಕಲ್ಲ? ಕಲಿಯುವುದಿಲ್ಲ. ಪಟ್ರೀಷಿಯಾ ಕೂಲ್ ಅವರ ತಂಡ ಅಮೆರಿಕದ ಸಿಯಾಟಲ್‌ನಲ್ಲಿ ಒಂಬತ್ತು ತಿಂಗಳ ಮಕ್ಕಳ ಜೊತೆ ಚೀನೀ ಭಾಷೆಯವರನ್ನು ಕೂರಿಸಿ ಆಟ ಆಡಿಸಿತು, ಪುಸ್ತಕ ಓದಿಸಿತು. ಒಟ್ಟು 12 ಸಲ, ಒಂದೊಂದು ಸಲ 25 ನಿಮಿಷ. ಆ ಮಕ್ಕಳು ಚೀನೀ ಉಲಿಗಳ ವ್ಯತ್ಯಾಸ ಹಿಡಿದರು. ಅದೇ ಜನರ ಅದೇ ಮಾತನ್ನು ಅಷ್ಟೇ ಹೊತ್ತು ಪರದೆಯ ಮೇಲೆ ನೋಡಿದ ಮಕ್ಕಳು ಏನೂ ಕಲಿಯಲಿಲ್ಲ. ಬರೀ ದನಿ ಕೇಳಿದವರೂ ಇಲ್ಲ. 2003ರ ಈ ಫಲಿತಾಂಶವನ್ನು ಮಕ್ಕಳಿರುವ ಪ್ರತಿ ಮನೆಯಲ್ಲೂ ಬರೆದು ಅಂಟಿಸಬೇಕು ಎನ್ನುವವನು ನಾನು. ಮಗು ತನ್ನ ಕಡೆ ನೋಡುವ, ತಾನು ತೋರಿಸಿದ್ದನ್ನು ನೋಡುವ, ತನ್ನ 'ಊಂ'ಗೆ ಮರುದನಿ ಕೊಡುವ ಮನುಷ್ಯರಿಂದ ಮಾತು ಕಲಿಯುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ವಿಡಿಯೋ ಕರೆಯೊಂದನ್ನು ಬಿಟ್ಟು ಬೇರೆ ಪರದೆ ಬೇಡ ಎಂದು ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ 2021ರಲ್ಲಿ ಹೇಳಿದೆ.

ವಿಡಿಯೋ ಕರೆಗೆ ವಿನಾಯಿತಿ ಕೊಟ್ಟದ್ದು ದೂರದ ಅಜ್ಜಿಯರ ಮೇಲಿನ ಕರುಣೆಯಿಂದಷ್ಟೇ ಅಲ್ಲ. ಎರಡರಿಂದ ಎರಡೂವರೆ ವರ್ಷದ ಮಕ್ಕಳು ಮೊದಲೇ ಮುದ್ರಿಸಿದ ವಿಡಿಯೋದಿಂದ ಕಲಿಯದ ಹೊಸ ಪದಗಳನ್ನು, ಆಚೆಯಿಂದ ಒಬ್ಬರು ಮಾತಿಗೆ ಮಾತು ಕೊಡುವ ವಿಡಿಯೋ ಕರೆಯಲ್ಲಿ ಕಲಿತದ್ದನ್ನು 2014ರಲ್ಲಿ ತೋರಿಸಿದ್ದಾರೆ. ನೀವು ಪುತ್ತೂರಿನಿಂದ ಕರೆ ಮಾಡಿ 'ಓ ಮಗಾ, ಪುಚ್ಚೆ ಓಲುಂಡು?' ಎಂದು ಕೇಳಿ, ಅವನು ಬೆಕ್ಕಿನ ಕಡೆ ಬೆರಳು ತೋರಿಸುವವರೆಗೆ ಕಾದು, 'ಆ, ಅವುಳು ಉಂಡು' ಎನ್ನುವುದು ಪಾಠವೇ. ಕಾಯುವುದನ್ನು ಮಾತ್ರ ಮರೆಯಬೇಡಿ. ದೊಡ್ಡವರಾದ ನಾವು ಪ್ರಶ್ನೆ ಕೇಳಿ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಮಗುವಿಗೆ ಐದಾರು ಸೆಕೆಂಡ್ ಬೇಕು.

ಕನ್ನಡದ ಮಕ್ಕಳ ಬಗ್ಗೆಯೇ ಒಂದು ಮಾತು ಹೇಳದಿದ್ದರೆ ಈ ಉತ್ತರ ಅಪೂರ್ಣ. ಬೀಳು–ಬೀಳಿಸು, ಓಡು–ಓಡಿಸು: ಕ್ರಿಯಾಪದಕ್ಕೆ 'ಇಸು' ಸೇರಿದರೆ ಯಾರೋ ಯಾರಿಂದಲೋ ಮಾಡಿಸಿದರು ಎಂದು ನಮಗೆ ಖಚಿತ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ ಕನ್ನಡ ಆಡುವ ಮೂರು ವರ್ಷದ ಮಕ್ಕಳ ಮುಂದೆ ಆಟಿಕೆ ಪ್ರಾಣಿಗಳನ್ನಿಟ್ಟು, ವಾಕ್ಯ ಹೇಳಿ, ಅದನ್ನು ಆಡಿ ತೋರಿಸಿ ಎಂದರು. ಮಕ್ಕಳು 'ಇಸು' ಇದೆಯೇ ಇಲ್ಲವೇ ಎಂದು ನೋಡಲಿಲ್ಲ. ವಾಕ್ಯದಲ್ಲಿ ಎಷ್ಟು ಪ್ರಾಣಿಗಳಿವೆ ಎಂದು ನೋಡಿದರು. ಎರಡಿದ್ದರೆ ಒಂದು ಇನ್ನೊಂದಕ್ಕೆ ಏನೋ ಮಾಡಿತು, ಒಂದೇ ಇದ್ದರೆ ತಾನೇ ಮಾಡಿತು. 2003ರ ಈ ಅಧ್ಯಯನ ಜಗತ್ತಿನ ಭಾಷಾವಿಜ್ಞಾನಿಗಳ ನಡುವೆ ಬಹಳ ಚರ್ಚೆಯಾಯಿತು. ಕಿವಿಗೆ ಬಿದ್ದದ್ದನ್ನೆಲ್ಲ ಮಗು ಹಾಗೇ ಒಪ್ಪಿಸುವುದಿಲ್ಲ, ತನ್ನದೇ ಊಹೆಗಳನ್ನು ಹಿಡಿದುಕೊಂಡು ಬರುತ್ತದೆ ಎಂಬುದಕ್ಕೆ ನಮ್ಮ ಮಕ್ಕಳೇ ಸಾಕ್ಷಿಯಾದರು. ಮುಂದೆ ನಿಮ್ಮ ಮೊಮ್ಮಗ 'ಬಿದ್ದೆ' ಎನ್ನುವ ಬದಲು 'ಬೀಳಿದೆ' ಎಂದರೆ ನಕ್ಕು ತಿದ್ದಬೇಡಿ. ಯಾರೂ ಹೇಳಿಕೊಡದ ರೂಪ ಅದು; ನಿಯಮವನ್ನು ತಾನೇ ಕಂಡುಕೊಂಡು ಕಟ್ಟಿದ್ದು. 'ಅಯ್ಯೋ, ಬಿದ್ಯಾ?' ಎಂದರೆ ಸಾಕು, ಸರಿಯಾದ ರೂಪ ಕಿವಿಗೆ ಬಿದ್ದಂತಾಯಿತು.

ಈಗ ಅವನ ಏಳು ಪದಗಳಿಗೆ ಬರುತ್ತೇನೆ. ಸಾಮಾನ್ಯವಾಗಿ ಆರು ತಿಂಗಳು ದಾಟಿದ ಮೇಲೆ 'ಬಬಬ', 'ದದದ' ಎಂಬ ತೊದಲು, ವರ್ಷದ ಆಸುಪಾಸಿನಲ್ಲಿ ಮೊದಲ ಪದ, ಎರಡು ತುಂಬುವಾಗ ಸುಮಾರು 50 ಪದ ಮತ್ತು 'ಅಪ್ಪ ಬಾ' ಎಂಬಂಥ ಎರಡು ಪದದ ಜೋಡಣೆ. ಮಕ್ಕಳಿಂದ ಮಕ್ಕಳಿಗೆ ಇದು ತಿಂಗಳುಗಟ್ಟಲೆ ಹಿಂದೆಮುಂದೆ ಆಗುತ್ತದೆ. ಹೇಳಿದ್ದು ಅರ್ಥವಾಗುವುದು, ಬೆರಳು ತೋರಿಸುವುದು, ಇವೆರಡೂ ಒಳ್ಳೆಯ ಲಕ್ಷಣ. ನೀವು ಬರೆದದ್ದರಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಅದೇ. ತಡವಾಗಿ ಮಾತಾಡಿದ ಎಷ್ಟೋ ಮಕ್ಕಳು ತಾವಾಗಿ ಜೊತೆಯವರನ್ನು ಹಿಡಿದುಬಿಡುತ್ತಾರೆ, ಅವನ ಅಪ್ಪನ ಹಾಗೆ. ಆದರೆ ಯಾವ ಮಗು ಹಿಡಿಯುತ್ತದೆ, ಯಾವುದಕ್ಕೆ ನೆರವು ಬೇಕು ಎಂದು ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ. 22 ತಿಂಗಳಿಗೆ ಆರೇಳು ಪದ ಕಡಿಮೆಯೇ. ಅದಕ್ಕೇ ಪರೀಕ್ಷೆ ಎಂದದ್ದು.

ಕಿವಿಯಿಂದಲೇ ಯಾಕೆ ಶುರು ಮಾಡಬೇಕು? ಬಾಗಿಲು ಬಡಿದರೆ ತಿರುಗುತ್ತಾನೆ, ತಟ್ಟೆ ಬಿದ್ದರೆ ಬೆಚ್ಚುತ್ತಾನೆ, ಕಿವಿ ಚೆನ್ನಾಗಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧ ಕೇಳುವ ಮಗುವೂ ಅಷ್ಟು ಮಾಡುತ್ತದೆ. ಪದೇಪದೇ ಶೀತವಾಗಿ ಕಿವಿಯ ನಡುಭಾಗದಲ್ಲಿ ನೀರು ನಿಂತರೂ ಮಾತು ಮಸುಕಾಗಿ ಕೇಳುತ್ತದೆ. 'ಸ', 'ತ' ಥರದ ಮೆಲು ಸದ್ದುಗಳು ತಪ್ಪಿಹೋಗುತ್ತವೆ. ಕೈಸನ್ನೆ, ಮುಖಭಾವ, ದಿನಚರಿ ನೋಡಿ ಮಗು ಎಲ್ಲ ತಿಳಿದವನಂತೆ ನಡೆದುಕೊಳ್ಳುವುದೂ ಉಂಟು. ಕಿವಿಯ ಮಾತು ಬಿಟ್ಟರೂ, ವರ್ಷವಾದರೂ ತೊದಲದ, ಬೆರಳು ತೋರಿಸದ, ಹೆಸರು ಕರೆದರೆ ತಿರುಗದ ಮಗುವನ್ನು, ಎಲ್ಲಕ್ಕಿಂತ ಹೆಚ್ಚಾಗಿ ಬಂದ ಮಾತನ್ನು ಕಳೆದುಕೊಂಡ ಮಗುವನ್ನು ಒಂದು ದಿನವೂ ತಡಮಾಡದೆ ತೋರಿಸಬೇಕು. ಇದನ್ನು ಓದುತ್ತಿರುವ ಬೇರೆ ಮನೆಗಳವರಿಗಾಗಿ ಈ ಮಾತು.

ಬಜೆಯ ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ನಮ್ಮ ಹಿರಿಯರು ಪ್ರೀತಿಯಿಂದಲೇ ಮಾಡಿಕೊಂಡು ಬಂದದ್ದು. ಆದರೆ ಬಜೆ ಬೇರಿನಲ್ಲಿ ಬೀಟಾ-ಆಸರೋನ್ ಎಂಬ ಅಂಶವಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಗಡ್ಡೆ ಹುಟ್ಟಿಸಿದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ತೇಯ್ದು ನೆಕ್ಕಿಸಿ ವಾಂತಿಯಾಗಿ ಆಸ್ಪತ್ರೆ ಸೇರಿದ ಕೂಸುಗಳಿವೆ. ಮಾತು ನಾಲಿಗೆಯಲ್ಲಿ ಸಿಕ್ಕಿಕೊಂಡಿಲ್ಲ, ಸವರಿ ಬಿಡಿಸಲು. ನಾಲಿಗೆಯ ಕೆಳಗಿನ ಎಳೆ ಕತ್ತರಿಸಿದರೆ ಮಾತು ಬರುತ್ತದೆ ಎಂದು ಯಾರಾದರೂ ಹೇಳಿದರೂ ಒಪ್ಪಬೇಡಿ. ಆ ಎಳೆ ಗಿಡ್ಡವಾಗಿದ್ದರೆ ಕೆಲವು ಅಕ್ಷರಗಳ ಉಚ್ಚಾರಕ್ಕೆ ತೊಡಕಾಗಬಹುದು, ಪದಗಳೇ ಹುಟ್ಟದಂತೆ ಆಗುವುದಿಲ್ಲ.

ಡೇ ಕೇರ್‌ನವರ ಸಲಹೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಭಾಷೆಯನ್ನು ಮುಗಿಸಿಬಿಟ್ಟಿದೆ. ತುಳು ಒಂದೇ ಅಲ್ಲ, ಕೊಂಕಣಿ, ಬ್ಯಾರಿ, ಕೊಡವ, ಬಂಜಾರರ ಮಾತು, ಎಲ್ಲವೂ ಹೀಗೇ ಹೋಗುತ್ತಿವೆ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ದೋಷ ಹುಟ್ಟುತ್ತದೆ ಎನ್ನಲು ಆಧಾರವಿಲ್ಲ. ನಿಜವಾದ ತೊಡಕಿರುವ ಮಗುವಿಗೆ ಒಂದೇ ಭಾಷೆ ಉಳಿಸಿದರೂ ತೊಡಕು ಉಳಿಯುತ್ತದೆ. ಅಮ್ಮನ ಬಾಯಿಂದ ಸಹಜವಾಗಿ ಬರುತ್ತಿದ್ದ ಮಾತು ಮಾತ್ರ ನಿಂತುಹೋಗುತ್ತದೆ. ಬೇಡದ ಭಾಷೆಯಲ್ಲಿ ತಡವರಿಸುವ ತಾಯಿ ಕಡಿಮೆ ಮಾತಾಡುತ್ತಾಳೆ, ಮಗುವಿಗೆ ನಷ್ಟವಾಗುವುದು ಅಲ್ಲಿ. ಅಳಿಯನವರಿಗೆ ಇಂಗ್ಲಿಷ್ ಚಿಂತೆ ಇದ್ದರೆ, ಬೆಂಗಳೂರಿನಲ್ಲಿ ಬೆಳೆಯುವ ಮಗುವಿಗೆ ಅದು ತಪ್ಪಿಸಿದರೂ ತಪ್ಪದು ಎಂದು ಹೇಳಿ.

ಪರೀಕ್ಷೆಗೆ ಮಕ್ಕಳ ಡಾಕ್ಟರ ಚೀಟಿಯೊಂದಿಗೆ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷಿಸುವ ತಜ್ಞರ ಹತ್ತಿರ ಹೋಗಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಾಕ್ ಚಿಕಿತ್ಸೆಯ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸ ಮಾಡುತ್ತಿದೆ. ಸದ್ದಿಗೆ ಕಿವಿಯ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಬೆರಾ (BERA) ಪರೀಕ್ಷೆ ಬೇಕಾದರೆ ಮಗು ನಿದ್ದೆ ಮಾಡುತ್ತಿರಬೇಕು, ಹೋಗುವ ದಿನ ಬೆಳಿಗ್ಗೆ ಬೇಗ ಎಬ್ಬಿಸಿರಲಿ. ಹೋಗುವ ಮೊದಲು ಒಂದು ವಾರ ಅವನು ಆಡುವ ಪ್ರತಿ ಪದವನ್ನೂ ಮಗಳು ಬರೆದಿಡಲಿ. ಯಾವ ಭಾಷೆಯಾದರೂ ಸರಿ, ಸ್ಪಷ್ಟವಿಲ್ಲದಿದ್ದರೂ ಸರಿ: ಹಾಲಿಗೆ 'ಪೇರ್' ಎಂದೂ 'ಆಲು' ಎಂದೂ ಅಂದರೆ ಅದು ಎರಡು ಪದ. ದನಕ್ಕೆ 'ಅಂಬಾ' ಎಂದರೂ ಲೆಕ್ಕಕ್ಕುಂಟು. ಡೇ ಕೇರ್‌ನಲ್ಲಿ ಮಾತ್ರ ಆಡುವ ಇಂಗ್ಲಿಷ್ ಪದಗಳನ್ನೂ ಕೇಳಿ ತಿಳಿದು ಸೇರಿಸಲಿ. ಮೂರೂ ಭಾಷೆಯ ಪದಗಳನ್ನು ಕೂಡಿಸಿದಾಗ ನೀವು ಬರೆದ ಆರೇಳಕ್ಕಿಂತ ಲೆಕ್ಕ ಹೆಚ್ಚೇ ಆಗಬಹುದು, ಆ ಪಟ್ಟಿ ಡಾಕ್ಟರಿಗೂ ಬೇಕಾಗುತ್ತದೆ. ಫಲಿತಾಂಶ ಏನು ಬಂತೆಂದು ದಯವಿಟ್ಟು ಬರೆಯಿರಿ.

— ಸಂಪಾದಕ