ಅಜ್ಜಿಯ ಕಾಗದಗಳಲ್ಲಿ ನೇರಳೆ ಕಲೆ, ಅಂಟಿಕೊಂಡ ಹಾಳೆ

ಮೂಡಿಗೆರೆ ಮನೆಯ ಟ್ರಂಕಿನಲ್ಲಿದ್ದ ಅಜ್ಜಿಯ ಹಳೆ ಕಾಗದಗಳಲ್ಲಿ ನೇರಳೆ ಕಲೆಯಾಗಿದೆ, ಹಾಳೆಗಳು ಅಂಟಿಕೊಂಡಿವೆ, ಏನು ಮಾಡಲಿ ಅಂತ ಕೇಳಿದ್ದೀರಿ. ಆ ನೇರಳೆ ಕಲೆ ಬಹುಶಃ ಕಾಪಿಯಿಂಗ್ ಪೆನ್ಸಿಲ್‌ನದು (ಬಣ್ಣ ಬೆರೆಸಿದ ಹಳೆಕಾಲದ ಪೆನ್ಸಿಲ್). ಒಣಗಿದ್ದಾಗ ಬೂದು ಬಣ್ಣ, ತೇವ ತಾಕಿದ ಕಡೆ ನೇರಳೆಯಾಗಿ ಹರಡುತ್ತದೆ. ಮೂಡಿಗೆರೆ ಮಳೆಗಾಲದಲ್ಲಿ ಟ್ರಂಕಿನೊಳಗೂ ಥಂಡಿ ಹೋಗುತ್ತದೆ ಅಲ್ವಾ? ಬರೀ ಶಾಯಿಯೂ ಇರಬಹುದು. ಎರಡಕ್ಕೂ ನೀರು ಆಗದು. ಹಾಗಾಗಿ ಹಾಳೆ ಬಿಡಿಸಲು ಹಬೆ ಹಿಡಿಯಲೇಬೇಡಿ, ಉಳಿದ ಅಕ್ಷರವೂ ಹೋಗುತ್ತದೆ. ಬಿಸಿಲಿಗೂ ಇಡಬೇಡಿ.

ಮೊದಲು ಇದ್ದ ಹಾಗೇ ಫೋಟೋ ತೆಗೆಯಿರಿ. ಆಮೇಲೆ ಬಿಳಿ ಹತ್ತಿ ಬಟ್ಟೆಯ ಮೇಲೆ, ಗಾಳಿಯಾಡುವ ಕೋಣೆಯಲ್ಲಿ ಕೆಲವು ದಿನ ಬಿಡಿ. ನ್ಯೂಸ್‌ಪೇಪರ್ ಬೇಡ, ಅದರ ಮಸಿ ಹತ್ತುತ್ತದೆ. ಒಣಗಿದ ಮೇಲೆ, ಸಡಿಲವಾದ ಮೂಲೆಯಿಂದ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ ನಿಧಾನಕ್ಕೆ ಸರಿಸಿ. ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಿ, ಕಾಗದ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ತುಕ್ಕು ಹಿಡಿದ ಗುಂಡುಪಿನ್ನನ್ನು ಸುಮ್ನೆ ಎಳೆಯಬೇಡಿ. ಅದರ ಎರಡೂ ಕಡೆ ಪ್ಲಾಸ್ಟಿಕ್ ಚೂರು ಇಟ್ಟು, ಪಿನ್ನನ್ನು ಮೆಲ್ಲಗೆ ಜಾರಿಸಿ. ಬೂಸ್ಟಿದ್ದರೆ ಮಾಸ್ಕ್ ಹಾಕಿ, ಹೊರಗೆ ಮೆತ್ತನೆ ಬ್ರಷ್‌ನಿಂದ ಒರೆಸಿ.

ಲಕೋಟೆಗಳನ್ನು ದಯವಿಟ್ಟು ಎಸೆಯಬೇಡಿ. 1944ರಲ್ಲಿ, ಯುದ್ಧದ ಸಮಯದಲ್ಲಿ ಇಟಲಿಯಲ್ಲಿದ್ದ ಅಜ್ಜನಿಗೆ, ಮದುವೆಗೂ ಮೊದಲು ಅಜ್ಜಿ ಬರೆದ ಕಾಗದ ಅವು. ತಾರೀಖು ಅಳಿಸಿದ್ದರೂ ಅಂಚೆ ಮುದ್ರೆ, ಸೆನ್ಸಾರ್ ಮುದ್ರೆ (ಯುದ್ಧಕಾಲದಲ್ಲಿ ಅಧಿಕಾರಿಗಳು ಕಾಗದ ಪರಿಶೀಲಿಸಿ ಒತ್ತುತ್ತಿದ್ದ ಗುರುತು) ನೋಡಿ ಕ್ರಮಕ್ಕೆ ಹೊಂದಿಸಬಹುದು. ಯಾವ ಕಾಗದ ಯಾವ ಲಕೋಟೆಯದು ಅಂತ ಬೇರೆ ಚೀಟಿಯಲ್ಲಿ ಬರೆದಿಡಿ. ಸೆಲೋಟೇಪ್, ಲ್ಯಾಮಿನೇಷನ್ ಬೇಡವೇ ಬೇಡ.