ಗುಡ್ಡದ ಮೇಲಿನ ಅಜ್ಜ, ಬೆಂಕಿಯಲ್ಲಿ ಸುಟ್ಟ ಸೇಬು

ಆಟದ ಅಂಗಳ: ಓದುಗರ ಪ್ರಶ್ನೆಗಳು, ನನ್ನ ಉತ್ತರಗಳು

ಪ್ರಶ್ನೆ: ಅಕ್ಕಾ, ‘ದ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್’ ಆಟವನ್ನು ಕಳೆದ ತಿಂಗಳು ಮುಗಿಸಿದೆ. ಮುಗಿದ ಮೇಲೆ ಒಂಥರಾ ಖಾಲಿ ಖಾಲಿ. ನಿಮ್ಮ ಅಂಕಣದಲ್ಲಿ ಈ ಆಟದ ಹೆಸರು ಆಗಾಗ ಬರುತ್ತೆ. ಇದರಲ್ಲಿ ನಿಮಗೆ ಮರೆಯಲಾಗದ ಗಳಿಗೆಗಳು ಯಾವುವು? ನಾನಂತೂ ಮುಗಿಸಿಯಾಗಿದೆ, ಬಿಚ್ಚಿ ಹೇಳಿ.
(ಓದುಗ, ದಾವಣಗೆರೆ)

ಉತ್ತರ: ಆ ಖಾಲಿತನ ನನಗೆ ಚೆನ್ನಾಗಿ ಗೊತ್ತು. ಆಟ ಮುಗಿದ ಮೇಲೆ ಒಂದು ವಾರ ನಾನು ಬೇರೆ ಯಾವ ಆಟವನ್ನೂ ಹಾಕಲಿಲ್ಲ. ಈಗ ಆಡುತ್ತಿರುವವರು ಈ ಉತ್ತರ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ. ಇದರಲ್ಲಿ ಕಥೆಯೆಲ್ಲ ಇದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಿಂಟೆಂಡೊ ಕಂಪನಿಯ ಆಟ. 2017ರ ಮಾರ್ಚ್ 3ರಂದು ಬಂತು. ಹೈರೂಲ್ ಅನ್ನೋ ರಾಜ್ಯವನ್ನು ಗ್ಯಾನನ್ ಅನ್ನೋ ಪೀಡೆ ಹಾಳುಗೆಡವಿದೆ. ಲಿಂಕ್ ಎಂಬ ಯೋಧ ಗಾಯಗೊಂಡು 100 ವರ್ಷ ಮಲಗಿದ್ದಾನೆ. ಎದ್ದಾಗ ಅವನಿಗೆ ಏನೂ ನೆನಪಿಲ್ಲ. ರಾಜಕುಮಾರಿ ಜೆಲ್ಡಾ ಅಷ್ಟೂ ವರ್ಷ ಅರಮನೆಯಲ್ಲಿ ಒಬ್ಬಳೇ ಗ್ಯಾನನ್‌ನನ್ನು ತಡೆದು ಹಿಡಿದಿದ್ದಾಳೆ.

ನಾನು ಇದನ್ನು ಆಡಿದ್ದು 2020ರ ಲಾಕ್‌ಡೌನ್‌ನಲ್ಲಿ, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ. ಆಟ ಆಡುವ ಯಂತ್ರ, ನಿಂಟೆಂಡೊ ಸ್ವಿಚ್, ತಮ್ಮನದು. ದುಬೈನಿಂದ ತಂದವನು ನನಗೇ ಬಿಟ್ಟು ಹೋಗಿದ್ದ. ರಾತ್ರಿ ಊಟ ಮುಗಿದ ಮೇಲೆ ನಾನು ಟಿವಿ ಮುಂದೆ ಕೂರುತ್ತಿದ್ದೆ. ಅಮ್ಮ ಮೊರ ಹಿಡಿದು ನಾಳೆಯ ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂರುತ್ತಿದ್ದಳು. ಹಾಗಾಗಿ ಈ ಆಟದ ನನ್ನ ನೆನಪುಗಳಲ್ಲಿ ಅರ್ಧ ಅಮ್ಮನವು.

ಶುರುವಿನಲ್ಲಿ ಲಿಂಕ್ ಕತ್ತಲ ಗುಹೆಯಿಂದ ಓಡಿ ಬಂದು ಬಂಡೆಯ ತುದಿಯಲ್ಲಿ ನಿಲ್ಲುತ್ತಾನಲ್ಲ, ಇಡೀ ಹೈರೂಲ್ ಕಣ್ಣೆದುರು ಬಿಚ್ಚಿಕೊಳ್ಳುತ್ತದಲ್ಲ, ಎಲ್ಲರೂ ಮೊದಲು ಹೇಳುವುದು ಅದನ್ನೇ. ನನಗೂ ಇಷ್ಟ. ಆದರೆ ಅದರ ಮುಂದಿನ ಎರಡು ನಿಮಿಷ ಇನ್ನೂ ಜಾಸ್ತಿ ಇಷ್ಟ. ಇಳಿಜಾರಿನಲ್ಲಿ, ಒಂದು ಬಂಡೆಯ ಮರೆಯಲ್ಲಿ, ಗಡ್ಡದ ಅಜ್ಜ ಬೆಂಕಿ ಹಾಕಿಕೊಂಡು ಕೂತಿದ್ದಾನೆ. ಬೆಂಕಿಯ ಪಕ್ಕದಲ್ಲಿ ಸುಟ್ಟ ಸೇಬು. ನಾನು ಕೇಳದೆ ಎತ್ತಿಕೊಂಡೆ. ಅಜ್ಜ ‘ಅದು ನನ್ನದಲ್ಲವೇ’ ಅನ್ನುವ ಹಾಗೆ ತಡೆದ. ಆಮೇಲೆ ತಾನೇ ನಕ್ಕು, ಸುಮ್ನೆ ಕಾಲೆಳೆದೆ, ತಿನ್ನು ಅಂದ. ನೂರು ವರ್ಷದ ನಿದ್ದೆಯಿಂದ ಎದ್ದವನಿಗೆ ಎದುರು ಸಿಕ್ಕ ಮೊದಲ ಮನುಷ್ಯನ ಮಾತು ಅದು. ಅಮ್ಮ ಅಕ್ಕಿಯಿಂದ ತಲೆ ಎತ್ತಿ ನೋಡಿದಳು. ‘ಇಷ್ಟು ದೊಡ್ಡ ಗುಡ್ಡದ ಮೇಲೆ ಒಬ್ಬನೇ ಯಾಕಿದ್ದಾನೆ? ಅವನ ಮನೆಯವರೆಲ್ಲ ಎಲ್ಲಿ?’ ಅಂತ ಕೇಳಿದಳು. ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಆ ಪ್ರಸ್ಥಭೂಮಿಯಲ್ಲಿ ಅಜ್ಜನ ಒಂದು ಗುಡಿಸಲಿದೆ. ಒಳಗೆ ಡೈರಿ. ಖಾರ ಹಾಕಿ ಮಾಡುವ ಮಾಂಸ-ಮೀನಿನ ಅಡುಗೆಯೊಂದು ಅವನಿಗೆ ಬಲು ಇಷ್ಟ, ಆದರೆ ಹೇಗೆ ಮಾಡುವುದು ಅಂತ ಪೂರ್ತಿ ನೆನಪಿಲ್ಲ. ನೆನಪಿಸಿದವರಿಗೆ ತನ್ನ ಬೆಚ್ಚನೆಯ ಅಂಗಿ ಕೊಡುತ್ತಾನಂತೆ. ಓದಿ ಹೇಳಿದೆ. ‘ಮಾಂಸ, ಮೀನು, ಮೆಣಸಿನಕಾಯಿ. ಇದನ್ನು ಬರೆದಿಟ್ಟುಕೊಳ್ಳಬೇಕಾ?’ ಅಂದಳು ಅಮ್ಮ. ಹಾಗೇ ಮಾಡಿದೆ. ಕೊಳದಲ್ಲಿ ಮೀನು ಹಿಡಿದೆ, ಕಾಡುಹಂದಿ ಹೊಡೆದೆ, ಮೂರನ್ನೂ ಬಾಣಲೆಗೆ ಹಾಕಿದೆ. ಅಡುಗೆ ಆಗುವಾಗ ಬರುವ ಆ ಪುಟ್ಟ ರಾಗ ಇದೆಯಲ್ಲ, ಟಣಟಣ ಅಂತ, ಅಮ್ಮ ಅವತ್ತಿನಿಂದ ಅದಕ್ಕೆ ಕಾಯತೊಡಗಿದಳು. ಅಜ್ಜ ಅಂಗಿ ಕೊಟ್ಟ. ಹಿಮದ ಬೆಟ್ಟವನ್ನು ಚಳಿಯಿಲ್ಲದೆ ಹತ್ತಿದೆ.

ಆಮೇಲೆ ಪಾಳುಬಿದ್ದ ದೇಗುಲದ ಮಾಳಿಗೆಯ ಮೇಲೆ ಅಜ್ಜ ತಾನು ಯಾರು ಅಂತ ಹೇಳಿದ. ಅವನು ರೋಮ್, ಹೈರೂಲ್‌ನ ಕೊನೆಯ ರಾಜ. ಜೆಲ್ಡಾಳ ಅಪ್ಪ. ಸತ್ತು 100 ವರ್ಷವಾಗಿದೆ. ಲಿಂಕ್ ಏಳುವುದನ್ನೇ ಕಾಯುತ್ತ ಅಲ್ಲೇ ಉಳಿದಿದ್ದ. ಮಗಳನ್ನು ಉಳಿಸು ಅಂತ ಬೇಡಿಕೊಂಡು, ಗಾಳಿಯಲ್ಲಿ ತೇಲುವ ಪ್ಯಾರಾಗ್ಲೈಡರ್ ಕೊಟ್ಟು, ಹೊಗೆಯ ಹಾಗೆ ಕರಗಿ ಹೋದ. ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಕಥೆಯ ಉಳಿದರ್ಧ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಅರಮನೆಯ ಗ್ರಂಥಾಲಯಕ್ಕೆ ನುಗ್ಗಿದ್ದೆ. ಅಲ್ಲಿ ಪುಸ್ತಕದ ಲೋಹದ ಕಪಾಟೊಂದು ಲಿಂಕ್‌ನ ಅಯಸ್ಕಾಂತದ ಶಕ್ತಿಗೆ ಸಿಕ್ಕಿತು. ಎಳೆದೆ. ಹಿಂದೆ ಒಂದು ಕೋಣೆ. ರಾಜನ ಓದುವ ಕೋಣೆ. ಮೇಜಿನ ಮೇಲೆ ಮತ್ತೊಂದು ಡೈರಿ. ಮಗಳಿಗೆ ಹಳೆಯ ಕಾಲದ ಯಂತ್ರಗಳ ಮೇಲೆ ಪ್ರಾಣ. ಅವನು ಅದನ್ನೆಲ್ಲ ಬಿಡಿಸಿ, ಪ್ರಾರ್ಥನೆ ಮಾಡು, ಶಕ್ತಿ ಪಡೆ ಅಂತ ಬೈದು ಬೈದು ಅಟ್ಟಿದ್ದ. ಡೈರಿಯ ಕೊನೆಯಲ್ಲಿ ಅವನ ಮನಸ್ಸು ಬದಲಾಗಿದೆ. ಪ್ರಾರ್ಥನೆಗೆ ಹೋದ ಲನೈರು ಬೆಟ್ಟದಿಂದ ಅವಳು ಬಂದ ಮೇಲೆ ಕೂತು ಮಾತಾಡುತ್ತೇನೆ, ಅವಳಿಗೆ ಇಷ್ಟವಾದ ಕೆಲಸ ಮಾಡಲು ಬಿಡುತ್ತೇನೆ ಅನ್ನೋ ಅರ್ಥದ ಮಾತು ಬರೆದಿದ್ದಾನೆ. ಅವಳು ಬೆಟ್ಟ ಇಳಿದ ದಿನವೇ ಗ್ಯಾನನ್ ಎದ್ದ.

ಅದೇ ಅರಮನೆಯಲ್ಲಿ ಜೆಲ್ಡಾಳ ಕೋಣೆಯೂ ಇದೆ. ಅಲ್ಲಿ ಅವಳ ಡೈರಿ. ಅಪ್ಪನದು ಒಂದು ಕಡೆ, ಮಗಳದು ಒಂದು ಕಡೆ. ಎರಡನ್ನೂ ಓದುವವನು ಲಿಂಕ್ ಒಬ್ಬನೇ. ಅಂದರೆ ನಾವು. ರಾಜನ ಡೈರಿಯನ್ನು ಅಮ್ಮ ಎರಡು ಸಲ ಕನ್ನಡದಲ್ಲಿ ಹೇಳಿಸಿದಳು. ಆಮೇಲೆ ಕೇಳಿದಳು: ‘ಆ ಹುಡುಗಿಗೆ ಇದು ಗೊತ್ತಾಯ್ತಾ?’ ಈ ಆಟದಲ್ಲಿ ಅವಳು ಅದನ್ನು ಓದುವ ದೃಶ್ಯ ನನಗೆ ಎಲ್ಲೂ ಸಿಗಲಿಲ್ಲ. ಅಮ್ಮನಿಗೆ ಹಾಗೇ ಹೇಳಿದೆ. ಅವತ್ತು ಅವಳು ಅಕ್ಕಿ ಅರ್ಧಕ್ಕೇ ಬಿಟ್ಟು ಮಲಗಲು ಹೋದಳು. ನನ್ನ ಮಟ್ಟಿಗೆ ಇಡೀ ಆಟದ ಅತಿ ದೊಡ್ಡ ಗಳಿಗೆ ಇದೇ. ಒಂದು ಕತ್ತಿಯೂ ಬೀಸಿರಲಿಲ್ಲ. ಕಪಾಟು ಎಳೆಯದೆ ಹೋಗಿದ್ದರೆ ಅದು ಅಲ್ಲಿದೆ ಅಂತಲೂ ಗೊತ್ತಾಗುತ್ತಿರಲಿಲ್ಲ.

ಆ ಡೈರಿ ಓದಿದ ಮೇಲೆ ಲನೈರು ಬೆಟ್ಟ ಹತ್ತದೆ ಇರಲು ಆಗಲಿಲ್ಲ. ಮರುದಿನವೇ ಹತ್ತಿದೆ. ತುದಿಯಲ್ಲಿ ಹಿಮ, ಜೆಲ್ಡಾ ಪ್ರಾರ್ಥನೆ ಮಾಡಿ ಬರಿಗೈಲಿ ಹಿಂತಿರುಗಿದ ಆ ನೀರಿನ ಬುಗ್ಗೆ. ಅದರ ಮೇಲೆ ನೇಡ್ರಾ ಎಂಬ ನಾಗದಂಥ ಉದ್ದನೆಯ ಡ್ರ್ಯಾಗನ್ ಬಿದ್ದಿತ್ತು. ಮೈತುಂಬ ಕೆಸರಿನ ಹಾಗೆ ಮೆತ್ತಿಕೊಂಡ ಗ್ಯಾನನ್‌ನ ವಿಷ, ಅದರಲ್ಲಿ ಹಳದಿ ಕಣ್ಣುಗಳು. ಅವನ್ನು ಬಾಣದಿಂದ ಹೊಡೆಯಬೇಕು. ‘ಪಾಪದ್ದನ್ನ ಯಾಕೆ ಹೊಡೀತೀಯೇ’ ಅಂತ ಅಮ್ಮ ಗದರಿದಳು. ಹೊಡೆಯುವುದು ಅದನ್ನಲ್ಲ, ಅದಕ್ಕೆ ಹಿಡಿದದ್ದನ್ನು ಅಂತ ಬಿಡಿಸಿ ಹೇಳಿದೆ. ಡ್ರ್ಯಾಗನ್ ಹಾರುತ್ತದೆ, ನಾವು ಹಿಂದೆ ಬೆಟ್ಟದಿಂದ ಧುಮುಕಿ ತೇಲಬೇಕು, ತೇಲುತ್ತಲೇ ಬಾಣ ಬಿಡಬೇಕು. ನನ್ನ ಅಂಗೈ ಬೆವರಿ ಕಂಟ್ರೋಲರ್ ಜಾರುತ್ತಿತ್ತು. ಕೊನೆಯ ಕಣ್ಣು ಒಡೆದಾಗ ಕಪ್ಪೆಲ್ಲ ಕಳಚಿ, ಒಳಗಿನಿಂದ ತಿಳಿನೀಲಿ ಮೈ ಹೊಳೆಯಿತು. ಮುಖ್ಯ ಕಥೆ ಮುಗಿಸಲು ಇದರ ಅಗತ್ಯವೇ ಇಲ್ಲ. ಹೋಗು ಅಂತ ಯಾರೂ ಹೇಳಿರಲಿಲ್ಲ. ನನ್ನನ್ನು ಅಲ್ಲಿಗೆ ಕಳಿಸಿದ್ದು ಒಬ್ಬ ಅಪ್ಪನ ಡೈರಿ.

ಇನ್ನೊಂದೇ ಒಂದು. ಅಕ್ಕಾಲಾ ಸರೋವರದ ನಡುವಿನ ಬರಡು ಬಂಡೆಯ ಮೇಲೆ ಹಡ್ಸನ್ ಅನ್ನೋ ಬಡಗಿ ಊರು ಕಟ್ಟುತ್ತಾನೆ, ನೆನಪಿದೆಯಾ? ಟ್ಯಾರಿ ಟೌನ್. ಅವನ ಯಜಮಾನನ ನಿಯಮದ ಪ್ರಕಾರ ಕರೆತರುವವರು ಹೆಸರಿನ ಕೊನೆಯಲ್ಲಿ ‘ಸನ್’ ಇದ್ದವರೇ ಆಗಬೇಕು. ಸೌದೆ ಕಡಿದು ಕಡಿದು ತಂದುಕೊಟ್ಟೆ: ಮೊದಲು 10 ಕಟ್ಟು, ಆಮೇಲೆ 20, 30, 50. ಗೋರಾನ್, ರೀಟೊ, ಗೆರೂಡೊ, ಜೋರಾ, ಹೀಗೆ ಒಂದೊಂದು ಕುಲದವರು ಬಂದು ನೆಲೆಸುತ್ತಾರೆ. ಒಬ್ಬೊಬ್ಬರು ಬಂದ ಹಾಗೂ ಊರಿನ ಸಂಗೀತಕ್ಕೆ ಅವರ ಕಡೆಯ ವಾದ್ಯವೊಂದು ಸೇರಿಕೊಳ್ಳುತ್ತದೆ. ಇದನ್ನು ಮೊದಲು ಗುರುತಿಸಿದ್ದು ಅಮ್ಮ. ‘ನಿನ್ನೆ ಈ ದನಿ ಇರಲಿಲ್ಲ’ ಅಂದಳು. ಕೊನೆಗೆ ಹಡ್ಸನ್‌ಗೂ ದರ್ಜಿ ರಾಂಡ್ಸನ್‌ಗೂ ಮದುವೆ. 2023ರಲ್ಲಿ ಮುಂದಿನ ಭಾಗ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ ಬಂದಾಗ ಅವರಿಗೆ ಮಗಳಿದ್ದಳು. ತಕ್ಷಣ ಊರಿಗೆ ಫೋನ್ ಮಾಡಿದೆ. ಅಮ್ಮ ಕೇಳಿದ್ದು ಒಂದೇ: ‘ಹೆಸರೇನು?’ ಮ್ಯಾಟಿಸನ್ ಅಂದೆ. ‘ನಿಯಮ ಬಿಡಲಿಲ್ಲ ನೋಡು’ ಅಂದಳು.

ಖಾಲಿ ಅನ್ನಿಸಿದರೆ ಇನ್ನೊಮ್ಮೆ ಮೊದಲಿಂದ ಶುರು ಮಾಡಿ. ಆ ಸೇಬನ್ನು ಯಾರು ಕೊಟ್ಟರು ಅಂತ ಈಗ ನಿಮಗೆ ಗೊತ್ತಲ್ಲ.

ಪ್ರಶ್ನೆ: ಆಟದ ನಕ್ಷೆಯ ಮೂಲೆಯಲ್ಲಿ, ಸಮುದ್ರದಲ್ಲಿ ಒಂದು ದ್ವೀಪವಿದೆ. ಅಲ್ಲಿಗೆ ಇಳಿದ ಕೂಡಲೇ ನನ್ನ ಕತ್ತಿ, ಬಟ್ಟೆ, ಅಡುಗೆ ಎಲ್ಲ ಮಾಯ! ಆಟ ಕೆಟ್ಟಿತಾ? ಹೆದರಿ ಆಫ್ ಮಾಡಿದ್ದೇನೆ.
(ಓದುಗಳು, 9ನೇ ತರಗತಿ, ಹಾಸನ)

ಉತ್ತರ: ಹೆದರಬೇಡ ಪುಟ್ಟಾ, ಏನೂ ಕೆಟ್ಟಿಲ್ಲ. ಅದು ಈವನ್‌ಟೈಡ್ ದ್ವೀಪ. ಅದೊಂದು ಪರೀಕ್ಷೆ. ದ್ವೀಪ ಬಿಟ್ಟು ಹೊರಗೆ ಬಂದರೂ, ಪರೀಕ್ಷೆ ಗೆದ್ದರೂ ನಿನ್ನ ಸಾಮಾನೆಲ್ಲ ಹಾಗೇ ವಾಪಸ್ ಸಿಗುತ್ತದೆ.

ಚೆಂಡಿನಂಥ ಮೂರು ಗುಂಡುಗಳನ್ನು ಹುಡುಕಿ ಅವುಗಳ ಪೀಠದ ಮೇಲೆ ಇಡಬೇಕು. ಕಡ್ಡಿ, ಕೊಂಬೆ, ಮರದ ಹಣ್ಣು, ಏನು ಸಿಕ್ಕಿದರೂ ಎತ್ತಿಕೋ. ನಿನ್ನ ಬಾಂಬು ಮತ್ತು ಅಯಸ್ಕಾಂತದ ಶಕ್ತಿ ಹಾಗೇ ಇವೆ. ಒಂದು ಗುಂಡು ನಿದ್ದೆ ಹೊಡೆಯುತ್ತಿರುವ ಹಿನಾಕ್ಸ್ ಅನ್ನೋ ಒಕ್ಕಣ್ಣ ದೈತ್ಯನ ಕೊರಳಲ್ಲಿದೆ. ನಾನು ಅವನ ಅಂಗೈ ಮೇಲೆ ನಿಂತು, ಅವನೇ ಹೊಟ್ಟೆ ಮೇಲೆ ಎತ್ತಿ ಹಾಕುವ ತನಕ ಉಸಿರು ಬಿಗಿಹಿಡಿದು ಕಾದು, ಗುಂಡು ಬಿಚ್ಚಿಕೊಂಡು ಓಡಿದೆ. ಒಂದು ವಿಷಯ ನೆನಪಿಡು: ಪರೀಕ್ಷೆ ನಡೆಯುವಾಗ ಸೇವ್ ಆಗಲ್ಲ. ಓದು, ಹೋಂವರ್ಕ್ ಮುಗಿಸಿ, ಒಂದು ಗಂಟೆ ಬಿಡುವು ಇಟ್ಟುಕೊಂಡೇ ಕೂತುಕೋ.

ಪ್ರಶ್ನೆ: ಜೋರಾ ಊರಿನ ದಾರಿಯಲ್ಲಿ ಮಳೆ ನಿಲ್ಲುವುದೇ ಇಲ್ಲ. ಬಂಡೆ ಹತ್ತಿದರೆ ಜಾರುತ್ತಾನೆ. ನನಗೆ ಈ ಮಳೆಯೇ ಬೇಸರ. ಏನು ಮಾಡಲಿ?
(ಓದುಗ, ಸಾಗರ)

ಉತ್ತರ: ಸಾಗರದವರು ಮಳೆಗೆ ಬೇಸರ ಮಾಡಿಕೊಂಡರೆ ಹೇಗೆ ಹೇಳಿ! ಆ ಮಳೆ ತಾನಾಗಿ ಸುರಿಯುತ್ತಿರುವುದಲ್ಲ. ಮೇಲಿನ ಜಲಾಶಯದಲ್ಲಿ ವಾ ರೂಟಾ ಅನ್ನೋ ಆನೆಯ ಆಕಾರದ ದೊಡ್ಡ ಯಂತ್ರವಿದೆ. ಅದೇ ಸೊಂಡಿಲಿನಿಂದ ನೀರು ಚಿಮ್ಮಿಸುತ್ತಿದೆ. ಅಣೆಕಟ್ಟು ಒಡೆದರೆ ಕೆಳಗಿನ ಊರುಗಳು ಕೊಚ್ಚಿಹೋಗುತ್ತವೆ ಅಂತ ಜೋರಾ ಜನರಿಗೆ ಭಯ. ಆನೆಯನ್ನು ಶಾಂತ ಮಾಡುವ ತನಕ ಮಳೆ ನಿಲ್ಲದು. ಆದ್ದರಿಂದ ಅಲ್ಲಿ ಬಂಡೆ ಹತ್ತುವ ಆಸೆ ಬಿಡಿ, ದಾರಿ ಹಿಡಿದೇ ನಡೆಯಿರಿ. ಊರು ಸೇರಿದ ಮೇಲೆ ನಿಮಗೆ 20 ಮಿಂಚಿನ ಬಾಣ ಬೇಕಾಗುತ್ತವೆ. ದಾರಿಯ ಹಲ್ಲಿಮನುಷ್ಯರು ಬಿಡುವ ಬಾಣಗಳೂ ಅವೇ. ನೆಲಕ್ಕೆ ಬಿದ್ದರೆ ಬಿಡದೆ ಆರಿಸಿಕೊಳ್ಳಿ.

ಬೇರೆ ಕಡೆ ಮಳೆ ಬಂದರೆ ನಾನು ಮಾಡುವುದು ಇದು. ಗುಡುಗು ಶುರುವಾದರೆ ಮೊದಲು ಲೋಹದ ಕತ್ತಿ, ಗುರಾಣಿ, ಬಿಲ್ಲು ತೆಗೆದುಬಿಡುತ್ತೇನೆ. ಅವುಗಳ ಮೇಲೆ ಕಿಡಿ ಹಾರತೊಡಗಿದರೆ ಸಿಡಿಲು ಬಡಿಯಲಿದೆ ಅಂತಲೇ ಅರ್ಥ. ಕಳ್ಳಹೆಜ್ಜೆಯಲ್ಲಿ ಶತ್ರುಗಳ ಬಿಡಾರಕ್ಕೆ ನುಗ್ಗುವುದಿದ್ದರೆ ಮಳೆಯಲ್ಲೇ ನುಗ್ಗುತ್ತೇನೆ, ಸದ್ದಿನಲ್ಲಿ ಹೆಜ್ಜೆ ಕೇಳಿಸದು. ಎರಡೂ ಇಲ್ಲದಿದ್ದರೆ ಮುಂಚಾಚಿದ ಬಂಡೆಯ ಕೆಳಗೆ ಹೋಗಿ, ಒಂದು ಕಟ್ಟು ಸೌದೆ, ಒಂದು ಚಕಮಕಿ ಕಲ್ಲು ಇಟ್ಟು ಲೋಹದ ಕತ್ತಿಯಿಂದ ಬಡಿಯುತ್ತೇನೆ. ಬೆಂಕಿ ಹತ್ತುತ್ತದೆ. ಅದರ ಪಕ್ಕ ಕೂತು ಬೆಳಗಿನ ತನಕ ಕಾಯಬಹುದು.

2020ರ ಜುಲೈನಲ್ಲಿ ಒಂದು ರಾತ್ರಿ ಹೀಗೇ ಲಿಂಕ್‌ನನ್ನು ಬೆಂಕಿಯ ಮುಂದೆ ಕೂರಿಸಿದ್ದೆ. ಹೊರಗೆ ನಮ್ಮ ಹೆಂಚಿನ ಮೇಲೂ ಮಳೆ ಸುರಿಯುತ್ತಿತ್ತು. ಅವನನ್ನು ಎಬ್ಬಿಸಲು ಬಟನ್ ಒತ್ತಲು ಹೋದೆ. ‘ಇರಲಿ, ಸ್ವಲ್ಪ ಹೊತ್ತು ಕೂತಿರಲಿ ಬಿಡು’ ಅಂದಳು ಅಮ್ಮ. ಕಂಟ್ರೋಲರ್ ಕೆಳಗಿಟ್ಟು ನಾನೂ ಮೊರಕ್ಕೆ ಕೈ ಹಾಕಿದೆ.