ಸೇನೆಗೆ ಹೊಸ ಪಿಸ್ತೂಲು ಆರಿಸಲು ಇಷ್ಟು ವರ್ಷ ಯಾಕೆ ಬೇಕು?

ನೀವು ಕೇಳಿದ್ದು ಎರಡು ವಿಷಯ. ಒಳ್ಳೆಯ ಪಿಸ್ತೂಲುಗಳು ಹತ್ತಾರು ಇರುವಾಗ ಒಂದನ್ನು ಆರಿಸಲು ಸೇನೆಗಳು ವರ್ಷಗಟ್ಟಲೆ ಒದ್ದಾಡುವುದು ಯಾಕೆ? ಆಯ್ಕೆ ನನ್ನ ಕೈಗೆ ಬಂದರೆ ಏನು ನೋಡುತ್ತೇನೆ?

ನಾನು ಕೆಲವು ವರ್ಷ ಕೋತ್‌ನಲ್ಲಿ, ಅಂದರೆ ಆಯುಧಗಳನ್ನು ಬೀಗ ಹಾಕಿಡುವ ಕೋಣೆಯಲ್ಲಿ, ಕೆಲಸ ಮಾಡಿದವನು. ಪಿಸ್ತೂಲು ಹಾರಿಸಿದ್ದಕ್ಕಿಂತ ಅದನ್ನು ಬಿಚ್ಚಿ, ಒರೆಸಿ, ನಂಬರ್ ನೋಡಿ ರಿಜಿಸ್ಟರಿನಲ್ಲಿ ಬರೆದದ್ದೇ ಹೆಚ್ಚು. ಗುರಿಕಾರರು ಕೊಡುವ ಉತ್ತರಕ್ಕಿಂತ ನನ್ನದು ಬೇರೆ ಇರಬಹುದು.

ಸೈನಿಕ ಅತಿ ಹೆಚ್ಚು ಸಮಯ ಹೊತ್ತು ತಿರುಗುವ, ಅತಿ ಕಡಿಮೆ ಹಾರಿಸುವ ಆಯುಧ ಪಿಸ್ತೂಲು. ಟ್ಯಾಂಕಿನೊಳಗೆ ಕೂತವನು, ಪೈಲಟ್, ಮಿಲಿಟರಿ ಪೊಲೀಸ್, ರೈಫಲ್ ಕೈಕೊಟ್ಟವನು, ಇವರ ಕೊನೆಯ ಆಸರೆ ಅದು. ಗುಂಡು ಹಾರುವ ಎರಡು ಸೆಕೆಂಡಿಗಿಂತ ಅದು ಸೊಂಟದಲ್ಲಿ ಕಳೆಯುವ ಸಾವಿರಾರು ಗಂಟೆಗಳ ಬಗ್ಗೆ ನಾನು ಹೆಚ್ಚು ಯೋಚಿಸುತ್ತೇನೆ. ಬಿದ್ದರೆ ಹಾರುತ್ತದೆಯೇ? ನಿದ್ದೆಗಣ್ಣಿನಲ್ಲಿ ಖಾಲಿ ಮಾಡುವಾಗ ಎಡವಟ್ಟಾಗುತ್ತದೆಯೇ?

ಒಂದು ಉದಾಹರಣೆ ಕೊಡುತ್ತೇನೆ. ಬ್ರೌನಿಂಗ್ ಹೈ-ಪವರ್ 1935ರ ಪಿಸ್ತೂಲು. 13 ರೌಂಡು, ಅಂದರೆ ಗುಂಡು, ಹಿಡಿಯುತ್ತದೆ, ಅನೇಕ ದೇಶಗಳ ಸೇನೆಗಳಲ್ಲಿ ದಶಕಗಟ್ಟಲೆ ದುಡಿದಿದೆ, ಕೈಯಲ್ಲಿ ಕೂರುವ ಬಗೆಯಂತೂ ಸೊಗಸು. ಆದರೆ ಅದರಲ್ಲೊಂದು ವಿಚಿತ್ರವಿದೆ: ಮ್ಯಾಗಜೀನ್, ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, ತೆಗೆದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಸುರಕ್ಷತೆಗೆಂದೇ ಹಾಗೆ ಮಾಡಿದ್ದು. ಡ್ಯೂಟಿ ಮುಗಿಸಿ ಬಂದವನು ಮ್ಯಾಗಜೀನ್ ತೆಗೆದ, ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡ್ ಎಳೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯೆಂದು ನೋಡಿದ, ಸ್ಲೈಡ್ ಬಿಟ್ಟ. ಗುಂಡು ಸಿಡಿಸಲು ಬಡಿಯುವ ಹ್ಯಾಮರ್ ಮಾತ್ರ ಇನ್ನೂ ಎದ್ದೇ ನಿಂತಿದೆ. ಅದನ್ನು ಇಳಿಸಬೇಕಾದರೆ ಖಾಲಿ ಮ್ಯಾಗಜೀನನ್ನು ಮತ್ತೆ ಹಾಕಿ ಟ್ರಿಗರ್ ಒತ್ತಬೇಕು. ಒಮ್ಮೆ ಹೊಸ ಹುಡುಗನೊಬ್ಬ ಇಡೀ ರಾತ್ರಿ ಪಹರೆ ಮಾಡಿ ಬಂದು, ಖಾಲಿಯದರ ಬದಲು ಪೌಚಿನಿಂದ ತುಂಬಿದ್ದನ್ನೇ ತೆಗೆದು ಹಾಕಿದ. ಅಭ್ಯಾಸಬಲದಿಂದ ಸ್ಲೈಡನ್ನೂ ಇನ್ನೊಮ್ಮೆ ಎಳೆದ, ಗುಂಡು ಚೇಂಬರಿಗೆ ಏರಿತು, ಟ್ರಿಗರ್ ಒತ್ತಿದ. ಮೂತಿ ಮರಳಿನ ಪೆಟ್ಟಿಗೆಯ ಕಡೆ ಇತ್ತು, ಅದೊಂದು ಪುಣ್ಯ. ಆ ಸದ್ದಿಗೆ ನನ್ನ ಕೈಯಲ್ಲಿದ್ದ ಪೆನ್ನು ರಿಜಿಸ್ಟರಿನ ಮೇಲೆ ಎಳೆದ ಉದ್ದ ಗೀಟು ಕೊನೆಯವರೆಗೂ ಹಾಗೇ ಇತ್ತು. ಹುಡುಗನಿಗೆ ಶಿಕ್ಷೆಯಾಯಿತು. ನನಗೆ ಮಾತ್ರ, ಅರ್ಧ ತಪ್ಪು 1935ರಲ್ಲೇ ಆಗಿತ್ತು ಅನ್ನಿಸಿತು.

ಬ್ರಿಟಿಷ್ ಸೇನೆ 2013ರಲ್ಲಿ ಇದೇ ಬ್ರೌನಿಂಗನ್ನು ಬಿಟ್ಟು ಗ್ಲಾಕ್ 17 ತೆಗೆದುಕೊಂಡಿತು. 25,000ಕ್ಕೂ ಹೆಚ್ಚು ಪಿಸ್ತೂಲು, ಸುಮಾರು 90 ಲಕ್ಷ ಪೌಂಡಿನ ಒಪ್ಪಂದ. ಗ್ಲಾಕ್‌ನಲ್ಲಿ ಹೆಬ್ಬೆರಳಿನಿಂದ ಸರಿಸುವ ಸೇಫ್ಟಿಯೇ ಇಲ್ಲ, ಇರುವ ತಡೆಗಳೆಲ್ಲ ಟ್ರಿಗರ್ ಒತ್ತಿದಾಗ ತಾವಾಗಿ ಬಿಡುತ್ತವೆ. 17 ರೌಂಡು ಹಿಡಿಯುತ್ತದೆ, ಖಾಲಿ ಮ್ಯಾಗಜೀನ್ ಸೇರಿ ತೂಕ ಸುಮಾರು 700 ಗ್ರಾಂ. ಹಳೆಯ ಅಮೆರಿಕನ್ ಎಂ1911 ಸುಮಾರು 1.1 ಕಿಲೋ ತೂಗಿ ಕೊಡುತ್ತಿದ್ದದ್ದು 7 ರೌಂಡು. ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡವನಿಗೆ ಆ 400 ಗ್ರಾಂ ಏನೆಂದು ಗೊತ್ತು.

ಹಾಗಂತ ಎಂ1911 ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ. 1911ರ ಮಾರ್ಚಿನ ಪರೀಕ್ಷೆಯಲ್ಲಿ ಅದು 6,000 ಗುಂಡು ಹಾರಿಸಿತು. ಕಾದಾಗ ನೀರಿಗೆ ಅದ್ದಿ ಮತ್ತೆ ಹಾರಿಸಿದರು. ಕೋಲ್ಟ್ ಕಂಪನಿಯ ಈ ಪಿಸ್ತೂಲು ಒಮ್ಮೆಯೂ ನಿಲ್ಲಲಿಲ್ಲ, ಎದುರಾಳಿ ಸ್ಯಾವೇಜ್ 37 ಬಾರಿ ಕೈಕೊಟ್ಟಿತು. ಇಷ್ಟು ಸ್ಪಷ್ಟವಾದ ಗೆಲುವು ಆಮೇಲಿನ ಯಾವ ಸ್ಪರ್ಧೆಯಲ್ಲೂ ನನಗೆ ಕಂಡಿಲ್ಲ. ಈಗ ಕಣಕ್ಕಿಳಿಯುವ ಪಿಸ್ತೂಲುಗಳೆಲ್ಲ ಹೆಚ್ಚುಕಡಿಮೆ ಚೆನ್ನಾಗಿಯೇ ಹಾರುತ್ತವೆ. ಜಗಳ ಬೇರೆ ಕಡೆ ಶುರುವಾಗುತ್ತದೆ.

ಬೆಲೆಯ ಕಡೆ. ಅಮೆರಿಕದಲ್ಲಿ 1980ರ ದಶಕದ ಸ್ಪರ್ಧೆಯ ಕೊನೆಗೆ ಉಳಿದವು ಎರಡೇ, ಬೆರೆಟ್ಟಾ 92 ಮತ್ತು ಸಿಗ್ ಪಿ226. ಪಿಸ್ತೂಲಿಗೆ ಪಿಸ್ತೂಲು ಇಟ್ಟು ನೋಡಿದರೆ ಸಿಗ್ ಸ್ವಲ್ಪ ಅಗ್ಗ. ಮ್ಯಾಗಜೀನು, ಬಿಡಿಭಾಗ ಎಲ್ಲ ಸೇರಿಸಿ ಕೂಡಿದರೆ ಬೆರೆಟ್ಟಾ ಅಗ್ಗ. 1985ರಲ್ಲಿ ಬೆರೆಟ್ಟಾ ಗೆದ್ದು, ಸೇನೆಯ ಹೆಸರಿನಲ್ಲಿ ಎಂ9 ಆಯಿತು. ಇದನ್ನು ಅನ್ಯಾಯ ಅಂದವರಿದ್ದಾರೆ. ಕೋತ್‌ನಲ್ಲಿ ಕೂತವನಾಗಿ ನಾನು ಹಾಗನ್ನಲಾರೆ. ಆನೆ ಕೊಳ್ಳುವುದು ದೊಡ್ಡದಲ್ಲ, ಸಾಕುವುದು ದೊಡ್ಡದು. ಮೂವತ್ತು ವರ್ಷ ಸ್ಪ್ರಿಂಗು, ಪಿನ್ನು ಸಿಗದ ಪಿಸ್ತೂಲನ್ನು ನಾನೇನು ಮಾಡಲಿ?

ಆದರೆ ಅಗ್ಗಕ್ಕೆ ಹೋಗಿ ಕೆಟ್ಟ ಕತೆಯೂ ಅದೇ ಎಂ9ನದು. ಇರಾಕಿನಲ್ಲಿ ಅದು ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ದೂರು ಬಂದಾಗ ಎಲ್ಲರೂ ಬೈದದ್ದು ಪಿಸ್ತೂಲನ್ನು. ಆಮೇಲೆ ನೋಡಿದರೆ ತೊಂದರೆ ಮ್ಯಾಗಜೀನಿನಲ್ಲಿತ್ತು. ಟೆಂಡರಿನಲ್ಲಿ ಬೇರೆ ಕಡೆ ಮಾಡಿಸಿದ ಆ ಮ್ಯಾಗಜೀನುಗಳಿಗೆ ದಪ್ಪ, ಒರಟು ಫಾಸ್ಫೇಟ್ ಲೇಪ ಹಾಕಿದ್ದರು. ಹಾಗೆ ಬೇಕೆಂದು ಬರೆದಿದ್ದದ್ದು ಸೇನೆಯೇ. ಹಿಟ್ಟಿನಂಥ ಮರುಭೂಮಿಯ ಮರಳು ಅದಕ್ಕೆ ಅಂಟಿಕೊಂಡು, ಒಳಗಿನ ಗುಂಡುಗಳು ಮೇಲಕ್ಕೆ ಏರದೆ ನಿಲ್ಲುತ್ತಿದ್ದವು. ನುಣುಪು ಲೇಪದ ಮ್ಯಾಗಜೀನು ಬಂದ ಮೇಲೆ ಪಾಡು ಸುಧಾರಿಸಿತು. ಯಾರಾದರೂ ಪಿಸ್ತೂಲು ಕೆಟ್ಟಿದೆ ಎಂದು ತಂದುಕೊಟ್ಟರೆ ನಾನೂ ಮೊದಲು ಮ್ಯಾಗಜೀನನ್ನೇ ಕೇಳಿ ತೆಗೆದುಕೊಂಡು, ಅದರ ಬಾಯಿಯ ಎರಡು ತುಟಿಗಳ ಮೇಲೆ ಹೆಬ್ಬೆರಳು ಸವರಿ ನೋಡುತ್ತಿದ್ದೆ. ಒಮ್ಮೆ ಕಲ್ಲಿನ ಮೇಲೆ ಬಿದ್ದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಎರಡು ಸಲ ದೂರು ಬಂದ ಮ್ಯಾಗಜೀನಿನ ಬುಡಕ್ಕೆ ಕೆಂಪು ಬಣ್ಣದ ಚುಕ್ಕೆ, ಮೂರನೆಯ ಸಲಕ್ಕೆ ಅದು ಬರೀ ತರಬೇತಿಗೆ.

ಇನ್ನು ನಿಮ್ಮ ‘ವರ್ಷಗಟ್ಟಲೆ’ ಅನ್ನುವ ಮಾತು. ಅಮೆರಿಕದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಮಾರ್ಕ್ ಮಿಲಿ 2016ರಲ್ಲಿ ಇದನ್ನೇ ಬಹಿರಂಗವಾಗಿ ಹೇಳಿ ರೇಗಿದ್ದರು: ಒಂದು ಪಿಸ್ತೂಲಿಗೆ 367 ಪುಟದ ಬೇಡಿಕೆ ಪಟ್ಟಿ, ಎರಡು ವರ್ಷದ ಪರೀಕ್ಷೆ, 1.7 ಕೋಟಿ ಡಾಲರ್ ಖರ್ಚು! ಆ ದುಡ್ಡು ಕೈಗೆ ಕೊಟ್ಟರೆ ಅಂಗಡಿಯಿಂದಲೇ ಕೊಂಡು ತರುತ್ತೇನೆ ಎಂಬ ಧಾಟಿ. ಕೇಳಲು ಚೆಂದ, ನನಗೂ ನಗು ಬಂತು. ಮುಂದೆ 2017ರ ಜನವರಿಯಲ್ಲಿ ಸಿಗ್ ಪಿ320 ಆಯ್ಕೆಯಾಗಿ ಎಂ17 ಆಯಿತು. ಗ್ಲಾಕ್ ಆಕ್ಷೇಪಣೆ ಹಾಕಿ ಸೋತಿತು; ಇಬ್ಬರ ಬೆಲೆಯ ನಡುವೆ 10 ಕೋಟಿ ಡಾಲರಿಗೂ ಹೆಚ್ಚು ಅಂತರವಿತ್ತು. ಆದರೆ ಸೇನೆಯ ಪರೀಕ್ಷೆಯಲ್ಲಿ, ಕೆಳಗೆ ಬಿದ್ದಾಗ ಆ ಪಿಸ್ತೂಲು ತಾನಾಗಿ ಹಾರಬಹುದು ಎಂಬುದು ಸಿಕ್ಕಿಬಿತ್ತು. ಟ್ರಿಗರಿನ ಭಾಗಗಳನ್ನು ಹಗುರ ಮಾಡಿ ಸೇನೆಗೆ ಕೊಡುವ ಪಿಸ್ತೂಲನ್ನು ಸರಿಪಡಿಸಿದರು. ಜನಸಾಮಾನ್ಯರಿಗೆ ಅಂಗಡಿಯಲ್ಲಿ ಮಾರಿದ್ದ ಪಿ320ಗೆ ಕಂಪನಿ ತಿದ್ದುಪಡಿ ಘೋಷಿಸಿದ್ದು ಅದೇ ವರ್ಷದ ಆಗಸ್ಟಿನಲ್ಲಿ. ಅಂಗಡಿಯಿಂದ ತರುವುದಾಗಿದ್ದರೆ ತರುತ್ತಿದ್ದದ್ದು ಅದನ್ನೇ. ಬೇಡಿಕೆ ಪಟ್ಟಿಯ 300 ಪುಟ ಹರಿದು ಹಾಕಿ, ನನ್ನ ಅಭ್ಯಂತರವಿಲ್ಲ. ಬೀಳಿಸಿ ನೋಡುವ ಪರೀಕ್ಷೆಯ ಒಂದು ದಿನವನ್ನೂ ಕಡಿಮೆ ಮಾಡಬೇಡಿ.

ಕ್ಯಾಲಿಬರ್, ಅಂದರೆ ಗುಂಡಿನ ಅಡ್ಡಳತೆ, ಎಷ್ಟಿರಬೇಕೆಂಬ ಚರ್ಚೆಗೆ ನಾನು ಹೋಗುವುದಿಲ್ಲ. 9 ಎಂಎಂ ಸಾಕು. ಒದೆತ ಕಡಿಮೆ, ಗುಂಡು ಹೆಚ್ಚು ಹಿಡಿಯುತ್ತದೆ, ಎಲ್ಲ ಕಡೆ ಸಿಗುತ್ತದೆ.

ನನಗೇ ಆರಿಸಲು ಬಿಟ್ಟರೆ, ಮೊದಲ ದಿನ ಗುರಿಕಾರರನ್ನು ರೇಂಜಿನ ಹತ್ತಿರವೂ ಬಿಡುವುದಿಲ್ಲ. ಅವರು ಯಾವುದನ್ನು ಕೊಟ್ಟರೂ ಹೊಡೆಯುತ್ತಾರೆ. ಚಿಕ್ಕ ಕೈಯವರು, ಎಡಗೈಯವರು, ವರ್ಷಕ್ಕೊಮ್ಮೆ ಮಾತ್ರ ಪಿಸ್ತೂಲು ಮುಟ್ಟುವ ಗುಮಾಸ್ತೆ, ಇಂಥವರನ್ನು ಕರೆಸುತ್ತೇನೆ. ದಪ್ಪ ಹಿಡಿಯ ಎಂ9ನಲ್ಲಿ ಮೊದಲ ಗುಂಡಿಗೆ ಟ್ರಿಗರನ್ನು ಉದ್ದಕ್ಕೆ, ಭಾರವಾಗಿ ಎಳೆಯಬೇಕು, ಎರಡನೆಯದರಿಂದ ಹಗುರ. ಚಿಕ್ಕ ಕೈಯವರ ಮೊದಲ ಗುಂಡು ಹೋಗುತ್ತಿದ್ದದ್ದು ಎಲ್ಲಿಗೋ. ಹಿಡಿಯ ಅಳತೆ ಬದಲಿಸಬಹುದಾದ, ಪ್ರತಿ ಸಲವೂ ಒಂದೇ ತೂಕದ ಟ್ರಿಗರ್ ಇರುವ ಪಿಸ್ತೂಲುಗಳನ್ನು ಮಾತ್ರ ಮುಂದಕ್ಕೆ ಬಿಡುತ್ತೇನೆ. ಎರಡನೆಯ ದಿನ ರಾತ್ರಿ ನಿದ್ದೆಗೆಡಿಸಿ, ಕೈಗವಸು ಹಾಕಿಸಿ, ಕತ್ತಲಲ್ಲಿ ಖಾಲಿ ಮಾಡಿಸುತ್ತೇನೆ. ಗ್ಲಾಕ್ ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು, ಅಲ್ಲಿ ಅದಕ್ಕೆ ನನ್ನಿಂದ ಅಂಕ ಕಡಿತ. ಆದರೂ ಹೋಲ್ಸ್ಟರ್, ಅಂದರೆ ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಚೀಲ, ಟ್ರಿಗರನ್ನು ಪೂರ್ತಿ ಮುಚ್ಚುವಂಥದ್ದಾದರೆ, ಇವತ್ತು ನನ್ನ ಸಹಿ ಬೀಳುವುದು ಬಹುಶಃ ಅದಕ್ಕೇ. ಸಹಿ ಹಾಕುವ ಮೊದಲು ಪಿಸ್ತೂಲಿಗೆ ಎಷ್ಟು ಮ್ಯಾಗಜೀನು ಕೊಡುತ್ತೀರಿ ಎಂದು ಕೇಳುತ್ತೇನೆ. ಎರಡು ಎಂದರೆ ಕಾಗದ ವಾಪಸ್.